ಚಡ್ಡಿ ಹಾಕಿದ ಕಾಕಾ

ಹುಮನಾಬಾದ ಸೀಮೆಯ ಕೊಡಂಬಲದಂಥ ಊರಿನಲ್ಲಿ ನಾಲ್ಕು ಮದುವೆ ಉಂಡವರಿಗೆ ಈ ನೋಟ ಹೊಸದಲ್ಲ. ದಪ್ಪ ಮೀಸೆಯ, ಎರಡು ಮಕ್ಕಳ ತಂದೆಯಾದ ಗಂಡಸೊಬ್ಬ ಚಡ್ಡಿ ಹಾಕಿದ ಹುಡುಗನ ಹೆಗಲ ಮೇಲೆ ಕೈಯಿಟ್ಟು ‘ಬಾ ಕಾಕಾ, ಉಣ್ಣಲಕ ಕೂಡಮು’ ಅನ್ನುತ್ತಾನೆ. ಪಂಕ್ತಿಯಲ್ಲಿದ್ದವರು ನಗುತ್ತಾರೆ, ಹುಡುಗ ನಾಚುತ್ತಾನೆ. ಸಂಬಂಧದಲ್ಲಿ ತಪ್ಪೇನಿಲ್ಲ. ಹುಡುಗ ಆ ಮೀಸೆಯವನ ಮುತ್ಯಾನ, ಅಂದರೆ ಅಜ್ಜನ, ತಮ್ಮನ ಕೊನೆಯ ಮಗ. ಅಪ್ಪನಿಗೆ ತಮ್ಮನಾದವನು ತನಗೆ ಕಾಕಾನೇ. ವಯಸ್ಸು ಮಾತ್ರ ಸಂಬಂಧದ ಮಾತು ಕೇಳಿಲ್ಲ.

ಇದೇ ತಮಾಷೆಯನ್ನು ಹಿಂದಕ್ಕೆ ತಿರುಗಿಸಿ ನೋಡೋಣ. ಒಂದೇ ಓಣಿಯ, ಒಂದೇ ವಯಸ್ಸಿನ ಇಬ್ಬರು ಗೆಳೆಯರಿದ್ದಾರೆ ಎಂದುಕೊಳ್ಳಿ. ಒಬ್ಬನ ಮುತ್ಯಾ ಹುಟ್ಟಿದ್ದು ರಜಾಕಾರರ ಗದ್ದಲದ ವರ್ಷ, 1948ರಲ್ಲಿ. ಇನ್ನೊಬ್ಬನ ಮುತ್ಯಾ 1918ರ ಇನ್‌ಫ್ಲುಯೆಂಜಾ ಬರುವ ಹೊತ್ತಿಗೆ ಆಗಲೇ ಎತ್ತು ಹೂಡುತ್ತಿದ್ದ. ಇಬ್ಬರಿಗೂ ಮುತ್ಯಾ ಎರಡೇ ಮೆಟ್ಟಿಲು ಮೇಲೆ. ಒಂದು ಏಣಿಯ ಮೆಟ್ಟಿಲು ಗೇಣುದ್ದ, ಇನ್ನೊಂದರದು ಮೊಳದುದ್ದ. ಹೀಗೇಕೆ? ಎಷ್ಟು ಉದ್ದದ ಮೆಟ್ಟಿಲು ಸಾಧ್ಯ? ಉದ್ದ ಮೆಟ್ಟಿಲಿನ ಮನೆತನದವರ ಮೈಯೊಳಗೆ ಅದರ ಗುರುತು ಏನಾದರೂ ಉಳಿಯುತ್ತದೆಯೇ?

ಟಿಪ್ಪು ಕಾಲದವನ ಮೊಮ್ಮಗ

ಎಲ್ಲಕ್ಕಿಂತ ಚೆನ್ನಾಗಿ ದಾಖಲಾದ ಉದ್ದ ಏಣಿ ಅಮೆರಿಕದ್ದು. ಅಲ್ಲಿನ ಹತ್ತನೇ ಅಧ್ಯಕ್ಷ ಜಾನ್ ಟೈಲರ್ ಹುಟ್ಟಿದ್ದು 1790ರಲ್ಲಿ. ನಮ್ಮಲ್ಲಿ ಟಿಪ್ಪುವಿನೊಡನೆ ಮೂರನೇ ಮೈಸೂರು ಯುದ್ಧ ಶುರುವಾದ ವರ್ಷ ಅದು. ಅವನ ಮೊಮ್ಮಗ ಹ್ಯಾರಿಸನ್ ರಫಿನ್ ಟೈಲರ್ ತೀರಿಕೊಂಡದ್ದು 2025ರ ಮೇ ತಿಂಗಳಲ್ಲಿ. ಮರಿಮಗನಲ್ಲ, ಮೊಮ್ಮಗ. ಅಧ್ಯಕ್ಷನಿಗೆ 63 ವರ್ಷವಾದಾಗ, 1853ರಲ್ಲಿ, ಲಯಾನ್ ಎಂಬ ಮಗ ಹುಟ್ಟಿದ. ಆ ಲಯಾನನಿಗೆ 75 ಆದಾಗ, 1928ರಲ್ಲಿ, ಹ್ಯಾರಿಸನ್ ಹುಟ್ಟಿದ. ಎರಡು ಮೆಟ್ಟಿಲಿಗೆ 138 ವರ್ಷ.

ಇದರಲ್ಲಿ ಪವಾಡವಿಲ್ಲ. ಅಪ್ಪ ಮಗ ಇಬ್ಬರೂ ಮೊದಲ ಹೆಂಡತಿ ತೀರಿದ ಮೇಲೆ ತಮಗಿಂತ ಬಹಳ ಚಿಕ್ಕವಳನ್ನು ಮದುವೆಯಾದರು. ಅಧ್ಯಕ್ಷನ ಎರಡನೇ ಹೆಂಡತಿ ಜೂಲಿಯಾ ಅವನಿಗಿಂತ 30 ವರ್ಷ ಚಿಕ್ಕವಳು. ಹಾಗಾಗಿ ಉದ್ದ ಮೆಟ್ಟಿಲಿನ ಕಥೆ ಹುಡುಕುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು: ಮೊದಲ ಹೆಂಡತಿಗೆ ಏನಾಯಿತು?

ಹಿರಿಯನ ಹಿರಿಯ, ಕಿರಿಯನ ಕಿರಿಯ

ಹಿಂದಿನ ಒಂದು ತುಂಬು ಸಂಸಾರದ ಲೆಕ್ಕ ಹಾಕೋಣ. ಹೆಣ್ಣಿಗೆ 16ಕ್ಕೆ ಚೊಚ್ಚಲು, 44ಕ್ಕೆ ಕಡೇ ಹೆರಿಗೆ. ನಡುವೆ 28 ವರ್ಷ. ತಾಯಿ ಮಗಳು ಒಂದೇ ವರ್ಷ ಬಾಣಂತಿಯಾಗುವುದು, ಸೋದರಮಾವ ಅಳಿಯನಿಗಿಂತ ಆರು ತಿಂಗಳು ಚಿಕ್ಕವನಾಗುವುದು ಈ ಲೆಕ್ಕದಿಂದಲೇ. ಗಂಡಸಿಗಾದರೆ 20ಕ್ಕೆ ಮೊದಲ ಮಗು, 60ಕ್ಕೆ ಕೊನೆಯದು ಎನ್ನಿ. ಹಿರಿಯ ಮಗನ ಹಿರಿಯ ಮಗನ ಹಿರಿಯ ಮಗನ ಹಿರಿಯ ಮಗ ಎಂದು ನಾಲ್ಕು ಮೆಟ್ಟಿಲು ಇಳಿದರೆ 80 ವರ್ಷ ಕಳೆಯುತ್ತದೆ. ಕಿರಿಯನ ಕಿರಿಯನ ಕಿರಿಯನ ಕಿರಿಯ ಎಂದು ಅಷ್ಟೇ ಮೆಟ್ಟಿಲು ಇಳಿದರೆ 240 ವರ್ಷ. ಒಬ್ಬನೇ ಮೂಲಪುರುಷ, ಒಂದೇ ಬೆಡಗು. ಒಂದು ಕವಲು ಇನ್ನೊಂದಕ್ಕಿಂತ 160 ವರ್ಷ ಮುಂದೆ ಓಡಿರುತ್ತದೆ. ಎಲ್ಲ ಮೆಟ್ಟಿಲಲ್ಲೂ ಹೀಗೆ ಒಂದೇ ಕಡೆ ವಾಲುವುದು ಅಪರೂಪ. ಆದರೂ ಎರಡು ಮೆಟ್ಟಿಲು ವಾಲಿದರೆ ಸಾಕು, ಮದುವೆ ಪಂಕ್ತಿಯಲ್ಲಿ ನಗೆಯೇಳುತ್ತದೆ.

ಗಂಡಸು 60ಕ್ಕೆ ತಂದೆಯಾಗುವುದಕ್ಕೆ ಆಯುಷ್ಯ ಗಟ್ಟಿಯಿದ್ದರೆ ಸಾಲದು, ಮನೆಯಲ್ಲಿ ಮಕ್ಕಳಾಗುವ ವಯಸ್ಸಿನ ಹೆಂಡತಿ ಇರಬೇಕು. ನಮ್ಮ ಕಡೆ ಅದಕ್ಕೆ ದಾರಿ ಮಾಡಿಕೊಟ್ಟದ್ದು ಸಾವು. ಬಾಣಂತಿ ಸಾವು ಮನೆಮನೆಯ ಮಾತಾಗಿತ್ತು. 1876ರಿಂದ 78ರ ಬರ, 1896ರ ನಂತರದ ಪ್ಲೇಗು, 1918ರ ಇನ್‌ಫ್ಲುಯೆಂಜಾ ಒಂದರ ಬೆನ್ನಿಗೆ ಒಂದು ಬಂದವು. 1911ರಿಂದ 1921ರ ನಡುವೆ ಭಾರತದ ಜನಸಂಖ್ಯೆ ಸುಮಾರು 25.2 ಕೋಟಿಯಿಂದ 25.1 ಕೋಟಿಗೆ ಇಳಿಯಿತು. ಜನಗಣತಿ ಶುರುವಾದ ಮೇಲೆ ಜನಸಂಖ್ಯೆ ತಗ್ಗಿದ ದಶಕ ಅದೊಂದೇ. ಹೆಂಡತಿ ಸತ್ತ ಗಂಡಸಿಗೆ ‘ಎರಡನೇ ಸಂಬಂಧ’ ಸಿಗುತ್ತಿತ್ತು, ಅದೂ ತಪ್ಪಿದರೆ ಮೂರನೆಯದು. ವಧುವಿನ ವಯಸ್ಸು ಮಾತ್ರ ಪ್ರತಿ ಸಲವೂ ಹದಿನಾಲ್ಕೋ ಹದಿನಾರೋ. ಗಂಡ ಸತ್ತ ಹೆಣ್ಣಿಗೆ ಉಡಿಕೆ ಪದ್ಧತಿಯಿದ್ದ ಸಮುದಾಯಗಳಲ್ಲಿ ದಾರಿಯಿತ್ತು, ಉಳಿದವುಗಳಲ್ಲಿ ಅದೂ ಇರಲಿಲ್ಲ.

ಉದ್ದ ಮೆಟ್ಟಿಲಿನ ವಂಶಾವಳಿಯನ್ನು ಹೆಮ್ಮೆಯಿಂದ ಓದುವಾಗ ನನಗೆ ಈ ಹುಡುಗಿಯರೇ ಕಣ್ಣಿಗೆ ಕಟ್ಟುತ್ತಾರೆ. ಅವರ ಹೆಸರು ಅಲ್ಲಿ ಇರುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಊರೂರು ತಿರುಗಿ ಮನೆತನಗಳ ಪೀಳಿಗೆ ಹೇಳುವ ಹೆಳವರು ಹತ್ತಾರು ತಲೆಗಳ ಹೆಸರನ್ನು ಉಸಿರು ಬಿಡದೆ ಒಪ್ಪಿಸುತ್ತಾರೆ. ಆ ಸರಪಳಿಯ ಕೊಂಡಿಗಳು ಬಹುಪಾಲು ಗಂಡುಹೆಸರುಗಳೇ.

ಕಾಗದದಲ್ಲಿ ಮಾತ್ರ ಉದ್ದ

ಉದ್ದವಾಗಿ ಕಾಣುವ ಮೆಟ್ಟಿಲೆಲ್ಲ ನಿಜವಾಗಿ ಉದ್ದವಾಗಿರಬೇಕಿಲ್ಲ. ಮುತ್ಯಾನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ವಾಡಿಕೆ. ಬಸಪ್ಪನ ಮಗ ಶರಣಪ್ಪ, ಶರಣಪ್ಪನ ಮಗ ಬಸಪ್ಪ, ಆ ಬಸಪ್ಪನ ಮಗ ಮತ್ತೆ ಶರಣಪ್ಪ. ನೂರು ವರ್ಷದ ನಂತರ ಯಾರೋ ವಾರಸಾ ಪಟ್ಟಿ ಬರೆಯುವಾಗ ಇಬ್ಬರು ಬಸಪ್ಪಗಳು ಒಬ್ಬರಾಗಿಬಿಡುತ್ತಾರೆ. ನಡುವಿನ ಎರಡು ಮೆಟ್ಟಿಲು ಮಾಯವಾಗಿ ಒಂದು ಮೆಟ್ಟಿಲು 80 ವರ್ಷದಷ್ಟು ಹಿಗ್ಗುತ್ತದೆ. ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿನಲ್ಲಿ ಬರೆದ ಜೂನ್ 1ರ ಜನ್ಮದಿನಗಳು ಐದಾರು ವರ್ಷ ಆಚೀಚೆ ಮಾಡುತ್ತವೆಯೇ ಹೊರತು ಇಷ್ಟು ದೊಡ್ಡ ಕಂದಕ ತೋಡುವುದಿಲ್ಲ.

ಇನ್ನೊಂದು ಕಾರಣ ದತ್ತಕ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರಲ್ಲಿ. ಅವರ ಮಗ ಎಂದು ವಂಶಾವಳಿ ಹೇಳುವ ಹತ್ತನೇ ಚಾಮರಾಜ ಒಡೆಯರು ಹುಟ್ಟಿದ್ದು 1863ರಲ್ಲಿ. ಅಂತರ 69 ವರ್ಷ, ಟೈಲರ್ ಮನೆತನಕ್ಕೆ ಸರಿಜೋಡಿ. ಆದರೆ ಚಾಮರಾಜರು 1865ರಲ್ಲಿ ದತ್ತು ಬಂದವರು. ಹುಟ್ಟಿನಿಂದ ಮುಮ್ಮಡಿಯವರ ಮಗಳು ಪುಟ್ಟಮ್ಮಣ್ಣಿಯವರ ಮಗ. ಸಿಂಹಾಸನದ ಲೆಕ್ಕದಲ್ಲಿ ಒಂದು ಮೆಟ್ಟಿಲು, ಮೈಯ ಲೆಕ್ಕದಲ್ಲಿ ಎರಡು. 69ನ್ನು ಎರಡರಿಂದ ಭಾಗಿಸಿದರೆ ತಲಾ ಮೂವತ್ತನಾಲ್ಕೂವರೆ, ಯಾವ ಮನೆಯಲ್ಲೂ ನಡೆಯುವಂಥದು.

ಕಾಗದವನ್ನು ಬಿಟ್ಟು ಇನ್ನು ಮೈಯ ಲೆಕ್ಕವನ್ನೇ ಹಿಡಿಯೋಣ.

ಹಗೇವು ಮತ್ತು ಹೆಪ್ಪು

ಟೈಲರ್ ಕಥೆಯಲ್ಲಿ ಉದ್ದ ಮೆಟ್ಟಿಲು ಎರಡೂ ಅಪ್ಪಂದಿರವು. ಅದು ಆಕಸ್ಮಿಕವಲ್ಲ. ಹೆಣ್ಣಿನ ಮೈ ಬೀಜವನ್ನು ಕಾಪಿಡುವ ಬಗೆಯೇ ಬೇರೆ, ಗಂಡಿನದೇ ಬೇರೆ.

ಹೆಣ್ಣಿನದು ಹಗೇವಿನ ಪದ್ಧತಿ. ನೆಲದಲ್ಲಿ ತೋಡಿದ ಹಗೇವಿಗೆ ಸುಗ್ಗಿಯಲ್ಲಿ ಒಮ್ಮೆ ಜೋಳ ತುಂಬಿ ಬಾಯಿ ಮುಚ್ಚಿದರೆ ಮುಗಿಯಿತು, ಮತ್ತೆ ತುಂಬುವ ಮಾತಿಲ್ಲ, ತೆಗೆದು ಉಣ್ಣುವುದಷ್ಟೇ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಾಗಿರುವಾಗಲೇ ಅದರ ಅಂಡಾಶಯದಲ್ಲಿ ಅರವತ್ತು ಎಪ್ಪತ್ತು ಲಕ್ಷ ಅಂಡಗಳು ತುಂಬಿರುತ್ತವೆ. ಹುಟ್ಟುವ ಹೊತ್ತಿಗೆ ಹತ್ತಿಪ್ಪತ್ತು ಲಕ್ಷ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುತ್ತವೆ. ಹಗೇವಿನ ಜೋಳಕ್ಕೆ ಹುಳ ಬೀಳುವಂತೆ ಹೆಚ್ಚಿನವು ಒಳಗೇ ನಶಿಸುತ್ತವೆ. ಬದುಕಿಡೀ ಬಳಕೆಗೆ ಹೊರಬರುವುದು ಬರೀ ನಾನೂರು ಐನೂರು. ಐವತ್ತರ ಆಸುಪಾಸಿನಲ್ಲಿ ಹಗೇವು ಬರಿದಾಗುತ್ತದೆ, ಮುಟ್ಟು ನಿಲ್ಲುತ್ತದೆ. ಆದ್ದರಿಂದ ತಾಯಿಯ ದಾರಿಯ ಮೆಟ್ಟಿಲು ಐವತ್ತು ದಾಟುವುದೇ ಕಷ್ಟ. 2019ರಲ್ಲಿ ಆಂಧ್ರದ ಗುಂಟೂರಿನಲ್ಲಿ ಎಪ್ಪತ್ತು ದಾಟಿದ ಹೆಂಗಸು ಅವಳಿ ಹೆತ್ತದ್ದು ಬೇರೊಬ್ಬಳ ಅಂಡದಿಂದ, ಅಂದರೆ ಪಕ್ಕದ ಮನೆಯ ಹಗೇವಿನಿಂದ ತಂದ ಕಾಳಿನಿಂದ. ಅಂಥ ಚಿಕಿತ್ಸೆಗೆ 2021ರ ಕಾಯಿದೆ ಹೆಣ್ಣಿಗೆ 50, ಗಂಡಿಗೆ 55 ವರ್ಷದ ಮಿತಿ ಹಾಕಿತು.

ಗಂಡಿನದು ಹೆಪ್ಪಿನ ಪದ್ಧತಿ. ಇವತ್ತಿನ ಮೊಸರಲ್ಲಿ ಒಂದು ಚಮಚ ಉಳಿಸಿ ನಾಳೆಯ ಹಾಲಿಗೆ ಹಾಕುತ್ತೇವೆ. ಅದರಲ್ಲಿ ಒಂದು ಚಮಚ ನಾಡಿದ್ದಿಗೆ. ಗಡಿಗೆಯ ಮೊಸರು ಉಂಡು ಖಾಲಿಯಾಗುತ್ತದೆ, ಹೆಪ್ಪು ಮುಗಿಯುವುದಿಲ್ಲ. ವೃಷಣದಲ್ಲಿರುವ ಮೂಲಕೋಶಗಳು ಹೀಗೇ. ಒಂದು ಕೋಶ ಎರಡಾಗುತ್ತದೆ, ಒಂದು ವೀರ್ಯಾಣುಗಳಾಗುವ ದಾರಿ ಹಿಡಿಯುತ್ತದೆ, ಇನ್ನೊಂದು ಹೆಪ್ಪಾಗಿ ಉಳಿಯುತ್ತದೆ. ಸುಮಾರು 16 ದಿನಕ್ಕೊಂದು ಸಲ, ವರ್ಷಕ್ಕೆ 23 ಸಲ. ಹದಿಹರೆಯದಲ್ಲಿ ಹಿಡಿದ ಈ ಕೆಲಸ ಎಪ್ಪತ್ತೈದಕ್ಕೂ ಪೂರ್ತಿ ನಿಲ್ಲುವುದಿಲ್ಲ. ಲಯಾನ್ ಟೈಲರನಿಗೆ ಆ ವಯಸ್ಸಿನಲ್ಲಿ ಮಗ ಹುಟ್ಟಿದ್ದು ಹೀಗೆ.

ಹೆಪ್ಪು ಹಾಕುವವರಿಗೆ ಗೊತ್ತಿರುವ ಒಂದು ಸಂಗತಿಯಿದೆ. ವರ್ಷಗಟ್ಟಲೆ ಅದೇ ಹೆಪ್ಪನ್ನು ಮುಂದುವರಿಸಿದರೆ ರುಚಿ ನಿಧಾನವಾಗಿ ಬೇರೆಯಾಗುತ್ತದೆ. ಕೋಶ ಎರಡಾಗುವ ಪ್ರತಿ ಸಲವೂ ಅದರೊಳಗಿನ ಮುನ್ನೂರು ಕೋಟಿ ಅಕ್ಷರಗಳ ಗ್ರಂಥ, ಡಿಎನ್‌ಎ, ಪೂರ್ತಿ ನಕಲಾಗಬೇಕು. ಲಿಪಿಕಾರ ಎಷ್ಟೇ ಜಾಣನಾದರೂ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಇದನ್ನು ನಕಲುತಪ್ಪು ಎನ್ನೋಣ. ಕಾಲೇಜಿನಲ್ಲಿ ಓದಿದವರು ಮ್ಯುಟೇಶನ್ ಎನ್ನುತ್ತಾರೆ. ಅಂಡ ತಯಾರಾಗುವ ಹೊತ್ತಿಗೆ ಇಪ್ಪತ್ತು ಚಿಲ್ಲರೆ ನಕಲು ಆಗಿರುತ್ತವೆ, ಅಷ್ಟೂ ಬಹುತೇಕ ಹುಟ್ಟುವ ಮೊದಲೇ. 20 ವರ್ಷದ ಗಂಡಸಿನ ವೀರ್ಯಾಣುವಿನ ಹಿಂದೆ ಸುಮಾರು 150 ನಕಲು, 40ರವನ ಹಿಂದೆ 600ಕ್ಕೂ ಹೆಚ್ಚು.

ಇದರ ವಾಸನೆಯನ್ನು ಮೊದಲು ಹಿಡಿದವನು ಜರ್ಮನಿಯ ವೈದ್ಯ ವಿಲ್ಹೆಲ್ಮ್ ವೈನ್‌ಬರ್ಗ್. ಕೈಕಾಲು ಗಿಡ್ಡವಾಗುವ ಒಂದು ಬಗೆಯ ಕುಬ್ಜತನ, ತಂದೆತಾಯಿ ಇಬ್ಬರೂ ಸಾಮಾನ್ಯ ಎತ್ತರದವರಿರುವ ಮನೆಯಲ್ಲಿ, ಕೊನೆಕೊನೆಯ ಮಕ್ಕಳಿಗೇ ಬರುತ್ತದೆ ಎಂದು ಅವನು 1912ರಲ್ಲೇ ಗಮನಿಸಿದ. ಕಾರಣ ಹೆರಿಗೆಯ ಸಂಖ್ಯೆಯೋ, ತಾಯಿಯ ವಯಸ್ಸೋ, ತಂದೆಯದೋ ಎಂದು ಬಿಡಿಸಿ ನೋಡಿ ತಂದೆಯ ಕಡೆ ಬೆರಳು ತೋರಿಸಿದ್ದು ಇಂಗ್ಲೆಂಡಿನ ಲಯನೆಲ್ ಪೆನ್ರೋಸ್, 1955ರಲ್ಲಿ. ಮುಂದೆ ಭಾರತಕ್ಕೇ ಬಂದು ನೆಲೆಸಿ ಭುವನೇಶ್ವರದಲ್ಲಿ ಕಣ್ಮುಚ್ಚಿದ ಜೆ.ಬಿ.ಎಸ್. ಹಾಲ್ಡೇನ್ ಕೂಡ 1947ರಲ್ಲಿ, ರಕ್ತ ಹೆಪ್ಪುಗಟ್ಟದ ರೋಗದ ಮನೆತನಗಳನ್ನು ನೋಡಿ, ಹೊಸ ತಪ್ಪುಗಳು ಗಂಡಿನ ಕಡೆಯಿಂದಲೇ ಹೆಚ್ಚು ಎಂದಿದ್ದರು.

ನೇರವಾಗಿ ಎಣಿಸಿದ್ದು 2012ರಲ್ಲಿ, ಐಸ್‌ಲ್ಯಾಂಡಿನಲ್ಲಿ. ತಾಯಿ, ತಂದೆ, ಮಗು ಹೀಗೆ 78 ಕುಟುಂಬಗಳ ಗ್ರಂಥವನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿದರು. ತಾಯಿಯಿಂದ ಬಂದ ಹೊಸ ತಪ್ಪು ಸುಮಾರು 15. ತಂದೆ 20ರವನಾದರೆ ಅವನಿಂದ 25, 40ರವನಾದರೆ 65. ವರ್ಷಕ್ಕೆ ಎರಡರಂತೆ ಏರಿಕೆ. ಐದು ವರ್ಷದ ನಂತರ ಇನ್ನೂ ದೊಡ್ಡ ಎಣಿಕೆ ಮಾಡಿದಾಗ ಅದು ವರ್ಷಕ್ಕೆ ಒಂದೂವರೆಗೆ ಬಂತು, ತಾಯಿಯ ಕಡೆಯಿಂದಲೂ ಮೂರು ವರ್ಷಕ್ಕೊಂದರಂತೆ ಏರುವುದು ಕಂಡಿತು.

ಇಲ್ಲೊಂದು ಕೊಸರು ಉಳಿಯುತ್ತದೆ. 20ರಿಂದ 40ಕ್ಕೆ ನಕಲುಗಳು ನಾಲ್ಕು ಪಟ್ಟಾದರೂ ತಪ್ಪುಗಳು ಅಷ್ಟು ಏರಿಲ್ಲ. ನಕಲು ಮಾಡುವಾಗಷ್ಟೇ ಅಲ್ಲ, ಸುಮ್ಮನೆ ಇಟ್ಟ ಓಲೆಗರಿಗೂ ಗೆದ್ದಲು ಹತ್ತುತ್ತದೆ, ಅದರ ಪಾಲೂ ಇದರಲ್ಲಿದೆ ಎಂದು ಈಚೆಗೆ ಕೆಲವು ವಿಜ್ಞಾನಿಗಳು ವಾದಿಸುತ್ತಿದ್ದಾರೆ. ಹೇಗಿದ್ದರೂ ತಪ್ಪನ್ನು ಬರೆಯುವುದು ಕಳೆಯುವ ವರ್ಷ.

ಹುಳಿ ತಿರುಗಿದ ಚಮಚ

ಮುನ್ನೂರು ಕೋಟಿ ಅಕ್ಷರಗಳಲ್ಲಿ ನೂರು ತಪ್ಪು ಎಂದರೆ ಗಾಬರಿಪಡಬೇಕಿಲ್ಲ. ಬಹುಪಾಲು ತಪ್ಪುಗಳು ಬೀಳುವುದು ಯಾರೂ ಓದದ ಪುಟಗಳ ಮೇಲೆ. ಹ್ಯಾರಿಸನ್ ಟೈಲರ್ 96 ವರ್ಷ ಬದುಕಿದ. ಆದರೆ ವೈನ್‌ಬರ್ಗ್ ಕಂಡ ಕುಬ್ಜತನದಂಥ ಕೆಲವು ತಪ್ಪುಗಳ ಹಾದಿ ಬೇರೆ. ಆ ತಪ್ಪು ಬಿದ್ದ ಮೂಲಕೋಶ ಪಕ್ಕದವುಗಳಿಗಿಂತ ತುಸು ಹುರುಪಿನಿಂದ ಹೆಚ್ಚುತ್ತದೆ. ಗಡಿಗೆಯಲ್ಲಿ ಹುಳಿ ತಿರುಗಿದ ಒಂದು ಚಮಚ ಇಡೀ ಮೊಸರನ್ನು ಹುಳಿ ಮಾಡಿದ ಹಾಗೆ, ವರ್ಷ ಕಳೆದಂತೆ ವೃಷಣದಲ್ಲಿ ಅದರ ಪಾಲು ಬೆಳೆಯುತ್ತದೆ. ಹಾಗಿದ್ದೂ ಆ ಸ್ಥಿತಿ ಇಪ್ಪತ್ತೈದು ಸಾವಿರ ಹೆರಿಗೆಗೆ ಒಂದರಷ್ಟು ಅಪರೂಪ. ‘ಮುದುಕ ತಂದೆಯಾದರೆ ಮಗು ಹೀಗಾಗುತ್ತದೆ’ ಎಂದು ಕಟ್ಟೆಯ ಮೇಲೆ ತೀರ್ಪು ಕೊಡುವವರು ಈ ಅಂಕಿಯನ್ನು ನೆನಪಿಡಬೇಕು.

ಮೆಟ್ಟಿಲು ಹಂಚುತ್ತದೆ, ವರ್ಷ ಬರೆಯುತ್ತದೆ

ಕೊಡಂಬಲದವರಿಗೆ ದೂರವಲ್ಲದ ಕಲ್ಯಾಣದಲ್ಲಿ, ಈಗಿನ ಬಸವಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಆಸ್ಥಾನದ ವಿಜ್ಞಾನೇಶ್ವರ ಮಿತಾಕ್ಷರವನ್ನು ಬರೆದ. ಯಾಜ್ಞವಲ್ಕ್ಯ ಸ್ಮೃತಿಯ ಮೇಲಿನ ವ್ಯಾಖ್ಯಾನ ಅದು. ಭಾರತದ ಬಹುಭಾಗದಲ್ಲಿ ಹಿಂದೂಗಳ ಆಸ್ತಿ ಹಂಚಿಕೆ ಶತಮಾನಗಳ ಕಾಲ ಅದನ್ನೇ ನೆಚ್ಚಿತ್ತು. ಸಪಿಂಡ ಸಂಬಂಧ ಎಂದರೇನು ಎಂಬ ಪ್ರಶ್ನೆಗೆ ಅವನ ಉತ್ತರ ಕುತೂಹಲದ್ದು. ಪಿಂಡ ಎಂದರೆ ಶ್ರಾದ್ಧದ ಅನ್ನದುಂಡೆಯಲ್ಲ, ದೇಹ. ಒಂದೇ ದೇಹದ ಅಂಶ ಹಂಚಿಕೊಂಡವರು ಸಪಿಂಡರು. ಆ ಸಂಬಂಧ ತಂದೆಯ ಕಡೆ ಏಳನೇ ತಲೆಗೆ, ತಾಯಿಯ ಕಡೆ ಐದನೇ ತಲೆಗೆ ಮುಗಿಯುತ್ತದೆ. ಅವನಿಗೆ ತಳಿವಿಜ್ಞಾನ ಗೊತ್ತಿತ್ತು ಎಂದು ಬೀಗುವುದು ಬೇಡ. ಆದರೆ ದೇಹದ ಅಂಶ ಮೆಟ್ಟಿಲಿಂದ ಮೆಟ್ಟಿಲಿಗೆ ಹಂಚಿಹೋಗಿ ಒಂದು ಹಂತದಲ್ಲಿ ಲೆಕ್ಕಕ್ಕೆ ಸಿಗದಂತಾಗುತ್ತದೆ ಎಂಬ ಊಹೆ ಚೆನ್ನಾಗಿದೆ.

ಮಗುವಿಗೆ ತಂದೆಯಿಂದ ಅರ್ಧ, ಮುತ್ಯಾನಿಂದ ಕಾಲು, ಹೀಗೆ ಇಳಿದು ಏಳನೇ ತಲೆಗೆ, ಅಂದರೆ ಆರನೇ ಮೆಟ್ಟಿಲಿಗೆ, 64ರಲ್ಲಿ ಒಂದು ಪಾಲು. ಈಗ ಟೈಲರನ 138 ವರ್ಷವನ್ನು ಇನ್ನೊಂದು ಮನೆತನ 23 ವರ್ಷದ ಆರು ಮೆಟ್ಟಿಲಲ್ಲಿ ಇಳಿಯಿತು ಎನ್ನೋಣ. ಆ ಮನೆಯ ಕೊನೆಯ ಮಗುವಿನಲ್ಲಿ ಮೂಲಪುರುಷನದು 64ರಲ್ಲೊಂದು ಪಾಲು. ಹ್ಯಾರಿಸನ್ ಟೈಲರನಲ್ಲಿ ಕಾಲು ಪಾಲು! 1790ರಲ್ಲಿ ಹುಟ್ಟಿದ ದೇಹದ ಕಾಲು ಭಾಗ ಮೊನ್ನೆಮೊನ್ನೆಯವರೆಗೆ ವರ್ಜೀನಿಯಾದಲ್ಲಿ ಓಡಾಡಿಕೊಂಡಿತ್ತು.

ನಕಲುತಪ್ಪಿನ ಲೆಕ್ಕ ಹಾಕಿದರೆ ಚಿತ್ರವೇ ಬೇರೆ. ವರ್ಷಕ್ಕೆ ಒಂದೂವರೆಯಂತೆ ಹಿಡಿದು, ಪ್ರತಿ ಅಪ್ಪನಿಗೂ ಆರಂಭದ ಕೆಲವನ್ನು ಕೂಡಿಸಿದರೆ ಇಬ್ಬರು ಮುದುಕ ಅಪ್ಪಂದಿರು ಸೇರಿಸಿದ್ದು ಸುಮಾರು 220, ಆರು ಎಳೆಯ ಅಪ್ಪಂದಿರು ಸೇರಿಸಿದ್ದು ಸುಮಾರು 240. ಹೆಚ್ಚುಕಡಿಮೆ ಸಮ. ಹಂಚಿಕೆ ನೋಡುವುದು ಎಷ್ಟು ಸಲ ಇಳಿದಿರಿ ಎಂಬುದನ್ನು, ತಪ್ಪು ನೋಡುವುದು ಎಷ್ಟು ಕಾಲ ಕಳೆಯಿತು ಎಂಬುದನ್ನು. ಉದ್ದ ಮೆಟ್ಟಿಲಿನ ಮನೆತನದಲ್ಲಿ ಈ ಎರಡು ಗಡಿಯಾರಗಳು ಬೇರೆ ಬೇರೆ ಹೊತ್ತು ತೋರಿಸುತ್ತವೆ.

ತಂದೆತಾಯಿಯ ವಯಸ್ಸಿಗೆ ತಕ್ಕಂತೆ ತಪ್ಪುಗಳ ಸಂಖ್ಯೆಯಷ್ಟೇ ಅಲ್ಲ, ಯಾವ ಅಕ್ಷರ ಯಾವುದಾಗಿ ತಪ್ಪುತ್ತದೆ ಎಂಬ ಬಗೆಯೂ ತುಸು ಬದಲಾಗುತ್ತದೆ. ಕೈಬರಹ ನೋಡಿ ಬರೆದವನ ವಯಸ್ಸು ಊಹಿಸಿದ ಹಾಗೆ, ಇಂದಿನ ಜನರ ಡಿಎನ್‌ಎಯಲ್ಲಿ ಉಳಿದ ಹಳೆಯ ತಪ್ಪುಗಳನ್ನು ಓದಿ 2023ರಲ್ಲಿ ಸಂಶೋಧಕರು ಎರಡೂವರೆ ಲಕ್ಷ ವರ್ಷಗಳ ಮೆಟ್ಟಿಲನ್ನು ಅಳೆದರು. ಸರಾಸರಿ 26.9 ವರ್ಷ, ತಂದೆಯ ಕಡೆ 30.7, ತಾಯಿಯ ಕಡೆ 23.2. ಗಂಡಿನ ಮೆಟ್ಟಿಲು ಉದ್ದ ಎಂಬುದು ನಿನ್ನೆ ಮೊನ್ನೆಯ ಮಾತಲ್ಲ.

ಕಲ್ಯಾಣದ ಅರಸರಿಗೆ ಅಳತೆಗೋಲು

ಈ ಕೋಲನ್ನು ಕಲ್ಯಾಣ ಚಾಲುಕ್ಯರಿಗೇ ಹಿಡಿದು ನೋಡುವ ಆಸೆ ತಡೆಯಲಾಗದು. ಎರಡನೇ ತೈಲಪ ಪಟ್ಟಕ್ಕೆ ಬಂದದ್ದು 973ರಲ್ಲಿ. ಅವನ ಮಗ ದಶವರ್ಮ, ಮೊಮ್ಮಗ ಎರಡನೇ ಜಯಸಿಂಹ, ಆಮೇಲೆ ಒಂದನೇ ಸೋಮೇಶ್ವರ, ಆರನೇ ವಿಕ್ರಮಾದಿತ್ಯ, 1126ರಲ್ಲಿ ಪಟ್ಟಕ್ಕೆ ಬಂದ ಮೂರನೇ ಸೋಮೇಶ್ವರ. ಪಟ್ಟದಿಂದ ಪಟ್ಟಕ್ಕೆ 153 ವರ್ಷ, ಐದು ಮೆಟ್ಟಿಲು. ತಲಾ 30.6. ಡಿಎನ್‌ಎ ಹೇಳಿದ 30.7ಕ್ಕೆ ಇಷ್ಟು ಹತ್ತಿರ ಬಂದದ್ದು ಕಾಕತಾಳೀಯವೇ, ಆದರೂ ಖುಷಿಯಾಯಿತು.

ಅದೇ ಕೋಲು ಇನ್ನೂ ಹಿಂದಕ್ಕೆ ಎಟುಕುತ್ತದೆಯೇ? 1009ರ ಕೌಥೆಂ ತಾಮ್ರಪಟ ಈ ಅರಸರನ್ನು ಬಾದಾಮಿ ಚಾಲುಕ್ಯರಿಗೆ ಜೋಡಿಸುತ್ತದೆ. ಬಾದಾಮಿಯಲ್ಲಿ 733ರಲ್ಲಿ ಪಟ್ಟಕ್ಕೆ ಬಂದ ಎರಡನೇ ವಿಕ್ರಮಾದಿತ್ಯನ ತಮ್ಮ ಭೀಮನಿಂದ ತೈಲಪನವರೆಗೆ ಏಳು ಮೆಟ್ಟಿಲು, 240 ವರ್ಷ. ತಲಾ ಸುಮಾರು 34. ಸ್ವಲ್ಪ ಉದ್ದವಾಯಿತು, ಆದರೆ ಅಸಾಧ್ಯವೇನಲ್ಲ. ಈ ಜೋಡಣೆಯನ್ನು ಸಂಶಯಿಸಿದ ವಿದ್ವಾಂಸರಿದ್ದಾರೆ. ನಮ್ಮ ಕೋಲು ಅವರನ್ನು ಅಲ್ಲಗಳೆಯಲಾರದು, ಪಟ್ಟಿಯನ್ನು ಎತ್ತಿಹಿಡಿಯಲೂ ಆರದು. ಸುಳ್ಳು ಪಟ್ಟಿ ಕಟ್ಟುವ ಜಾಣ ಕೂಡ ಹೆಸರುಗಳನ್ನು ಮೂವತ್ತು ಮೂವತ್ತೈದು ವರ್ಷಕ್ಕೆ ಒಂದರಂತೆಯೇ ಪೋಣಿಸುತ್ತಾನೆ. ಪಟ್ಟಿಯಲ್ಲಿ ಒಂದು ಮೆಟ್ಟಿಲು ತೊಂಬತ್ತು ವರ್ಷ ಹಾರಿದ್ದರೆ ಆಗ ಹಿಡಿದು ನಿಲ್ಲಿಸಬಹುದಿತ್ತು.

ಹುಮನಾಬಾದ ಸೀಮೆಯಲ್ಲೇ ಇರುವ ಜಲಸಂಗ್ವಿಯ ಗುಡಿಯ ಗೋಡೆಯ ಮೇಲೆ ಒಬ್ಬ ಶಿಲಾಬಾಲಿಕೆ ಇದ್ದಾಳೆ. ಬೆನ್ನು ತಿರುಗಿಸಿ ನಿಂತು ಕಲ್ಲಿನ ಮೇಲೆ ಸಂಸ್ಕೃತದಲ್ಲಿ ಆರನೇ ವಿಕ್ರಮಾದಿತ್ಯನ ಹೊಗಳಿಕೆ ಬರೆಯುತ್ತಿದ್ದಾಳೆ. ಅವನ ಆಳ್ವಿಕೆ ಮುಗಿದದ್ದು 1126ರಲ್ಲಿ, ಸುಮಾರು 900 ವರ್ಷದ ಹಿಂದೆ. ಕೊಡಂಬಲದ ಆ ಚಡ್ಡಿ ಹಾಕಿದ ಕಾಕಾ ಅಪ್ಪ, ಮುತ್ಯಾ, ಮುತ್ಯಾನ ಅಪ್ಪ ಎಂದು ಬರೀ ಗಂಡಿನ ದಾರಿ ಹಿಡಿದು ಅವಳ ಕಾಲಕ್ಕೆ ಹೊರಟರೆ ಸರಾಸರಿ ಲೆಕ್ಕದಲ್ಲಿ 29 ಮೆಟ್ಟಿಲು. ಅವ್ವ, ಅವ್ವನ ಅವ್ವ ಎಂದು ಹೆಣ್ಣಿನ ದಾರಿ ಹಿಡಿದರೆ 39. ಹತ್ತು ಮಂದಿ ಹೆಚ್ಚು, ಮತ್ತು ಆ 39ರಲ್ಲಿ ಹೆಳವರು ಹೆಸರು ಹೇಳಬಲ್ಲವರು ಒಬ್ಬರೋ ಇಬ್ಬರೋ.